ನುಡಿಯ ತವರನ್ನು ಅರಸುತ್ತ

೧

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ, ಹೆದ್ದಾರಿಯಿಂದ ತುಸು ಒಳಗೆ, ಕೆರೆಯ ಬಳಿ ದೊಡ್ಡಗದ್ದವಳ್ಳಿ ಎಂಬ ಹಳ್ಳಿಯಿದೆ. ಅಲ್ಲಿ ಬಳಪದ ಕಲ್ಲಿನಿಂದ ಕಟ್ಟಿದ ಲಕ್ಷ್ಮೀದೇವಿಯ ದೇವಾಲಯವೊಂದು ಪ್ರಾಕಾರದ ನಡುವೆ ನಿಂತಿದೆ. ನಾಲ್ಕು ಗರ್ಭಗುಡಿಗಳುಳ್ಳ ಈ ಆಲಯವನ್ನು ಚತುಷ್ಕೂಟವೆಂದು ಕರೆಯುತ್ತಾರೆ. ಬೇಲೂರಿನ ಚೆನ್ನಕೇಶವನ ಗುಡಿಯಷ್ಟು ಇದು ಪ್ರಸಿದ್ಧವಲ್ಲ. ಆದರೆ ವಯಸ್ಸಿನಲ್ಲಿ ಅದಕ್ಕಿಂತ ಸ್ವಲ್ಪ ಹಿರಿದು.

ಈ ಗುಡಿಯನ್ನು ಕಟ್ಟಿಸಿದವರು ಯಾರು, ಯಾವಾಗ ಕಟ್ಟಿಸಿದರು ಎಂಬುದನ್ನು ಊಹಿಸಬೇಕಾದ ಅಗತ್ಯವಿಲ್ಲ. ಶಾಸನವೇ ಅದನ್ನು ತಿಳಿಸುತ್ತದೆ. ಹೊಯ್ಸಳ ದೊರೆ ವಿಷ್ಣುವರ್ಧನನ ಆಳ್ವಿಕೆಯಲ್ಲಿ, ಕ್ರಿ. ಶ. 1114ರ ಸುಮಾರಿನಲ್ಲಿ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಮಡದಿ ಸಹಜಾದೇವಿಯೂ ಮಹಾಲಕ್ಷ್ಮಿಗಾಗಿ ಈ ಆಲಯವನ್ನು ಕಟ್ಟಿಸಿದರು. ಕೊಲ್ಲಾಪುರದ ಮಹಾಲಕ್ಷ್ಮಿಯನ್ನು ನೆನೆದು ಊರಿಗೆ ‘ಅಭಿನವ ಕೊಲ್ಲಾಪುರ’ ಎಂಬ ಹೆಸರೂ ಸಂದಿತು. ಒಂಬೈನೂರು ವರ್ಷಗಳ ಹಿಂದಿನ ಈ ಸಂಗತಿಗಳು ಇಂದಿಗೂ ತಿಳಿಯುವುದಕ್ಕೆ ಕಾರಣ ಸರಳವಾಗಿದೆ. ಆ ಕಲ್ಲಿನ ಲಿಪಿಯನ್ನು ಓದಬಲ್ಲವರಿದ್ದಾರೆ. ಅದರ ಭಾಷೆಯನ್ನು ಅರಿತವರೂ ಇದ್ದಾರೆ.

ಆದರೂ ಎಲ್ಲ ಪ್ರಶ್ನೆಗಳಿಗೂ ಕಲ್ಲು ಉತ್ತರ ಕೊಡುವುದಿಲ್ಲ. ‘ಕುಲ್ಲಹಣ’ ಎಂಬ ಹೆಸರು ಕನ್ನಡ ನಾಡಿನಲ್ಲಿ ಅಪರೂಪವಾದುದು. ಅದನ್ನು ಕೇಳಿದೊಡನೆ ಕಾಶ್ಮೀರದ ಕವಿಗಳಾದ ಬಿಲ್ಹಣ, ಕಲ್ಹಣರ ನೆನಪಾಗುತ್ತದೆ. ಬಿಲ್ಹಣನಂತೂ ಕಾಶ್ಮೀರದಿಂದ ಬಂದು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ನೆಲೆಸಿದವನು. ಹಾಗಾದರೆ ಈ ವರ್ತಕನ ಮನೆತನವೂ ಉತ್ತರದಿಂದ ಬಂದುದೇ? ಇರಬಹುದು. ಆದರೆ ಹೆಸರಿನ ಹೋಲಿಕೆಯೊಂದನ್ನೇ ಹಿಡಿದು ‘ಹೌದು’ ಎಂದು ತೀರ್ಮಾನಿಸಲಾಗದು. ಹೋಲಿಕೆ ಒಂದು ಪ್ರಶ್ನೆಯನ್ನು ಹುಟ್ಟಿಸುತ್ತದೆ. ಅದಕ್ಕೆ ಉತ್ತರವನ್ನು ಬೇರೆ ಸಾಕ್ಷ್ಯ ಕೊಡಬೇಕು.

ಒಬ್ಬ ಮನುಷ್ಯನ ಮೂಲವನ್ನು ಹುಡುಕುವಾಗ ಬೇಕಾದ ಈ ಎಚ್ಚರ ಒಂದು ನುಡಿಯ ಮೂಲವನ್ನು ಹುಡುಕುವಾಗ ಇನ್ನೂ ಹೆಚ್ಚಾಗಿ ಬೇಕು. ಮೆಡಿಟರೇನಿಯನ್ ಸಮುದ್ರದ ಸುತ್ತಿನಲ್ಲಿ ದೊರೆತ ಎರಡು ಬರಹಗಳ ಕಥೆ ಇದನ್ನು ಚೆನ್ನಾಗಿ ತೋರಿಸಿಕೊಡುತ್ತದೆ. ಒಂದು, ಕ್ರೀಟ್ ದ್ವೀಪದ ಅಳಿದುಹೋದ ನುಡಿಯದು. ಇನ್ನೊಂದು, ಈಜಿಪ್ಟಿನ ಮರಳಿನಲ್ಲಿ ಸಿಕ್ಕ ಒಂದು ಗ್ರೀಕ್ ಪ್ರಹಸನದ್ದು. ಈ ಎರಡನೆಯ ಕಥೆಯಲ್ಲಿ ಕನ್ನಡದ ಹೆಸರೂ ಸೇರಿಕೊಂಡಿದೆ.

೨

ಗ್ರೀಸ್ ದೇಶದ ದಕ್ಷಿಣಕ್ಕೆ, ಮೆಡಿಟರೇನಿಯನ್ ಸಮುದ್ರದ ನಡುವೆ ಕ್ರೀಟ್ ದ್ವೀಪವಿದೆ. ಅಲ್ಲಿನ ನಾಸಸ್ ಎಂಬ ಸ್ಥಳದಲ್ಲಿ ಇಂಗ್ಲೆಂಡಿನ ಪುರಾತತ್ತ್ವಜ್ಞ ಆರ್ಥರ್ ಇವಾನ್ಸನು 1900ರಲ್ಲಿ ಉತ್ಖನನವನ್ನು ಆರಂಭಿಸಿದನು. ವಿಶಾಲವಾದ ಅರಮನೆಯ ಅವಶೇಷಗಳ ಜೊತೆಗೆ ಅಕ್ಷರಗಳನ್ನು ಕೊರೆದ ಮಣ್ಣಿನ ಹಲಗೆಗಳೂ ಅಲ್ಲಿ ದೊರೆತವು. ಆ ಬರಹಗಳಲ್ಲಿ ಒಂದನ್ನೊಂದು ಹೋಲುವ ಎರಡು ಲಿಪಿಗಳಿದ್ದುದನ್ನು ಇವಾನ್ಸನು ಗುರುತಿಸಿದನು. ಹಳೆಯದಕ್ಕೆ ‘ರೇಖಾಲಿಪಿ ಎ’ ಎಂದೂ ಆಮೇಲಿನದಕ್ಕೆ ‘ರೇಖಾಲಿಪಿ ಬಿ’ ಎಂದೂ ಹೆಸರಾಯಿತು. ಎರಡನ್ನೂ ಓದಬಲ್ಲವರು ಜಗತ್ತಿನಲ್ಲಿ ಒಬ್ಬರೂ ಇರಲಿಲ್ಲ.

1936ರಲ್ಲಿ ಲಂಡನ್ನಿನಲ್ಲಿ ನಡೆದ ಪ್ರದರ್ಶನವೊಂದಕ್ಕೆ ಕೆಲವು ಶಾಲಾಬಾಲಕರು ಬಂದಿದ್ದರು. ಅವರಲ್ಲಿ ಹದಿನಾಲ್ಕು ವರ್ಷದ ಮೈಕೇಲ್ ವೆಂಟ್ರಿಸನೂ ಒಬ್ಬನು. ಈ ಬರಹಗಳನ್ನು ಇದುವರೆಗೆ ಯಾರೂ ಓದಿಲ್ಲವೆಂಬ ಮಾತು ವೃದ್ಧ ಇವಾನ್ಸನ ಬಾಯಿಂದಲೇ ಹುಡುಗನ ಕಿವಿಗೆ ಬಿದ್ದಿತು. ಅವನು ಅದನ್ನು ಮರೆಯಲಿಲ್ಲ. ಮುಂದೆ ವೃತ್ತಿಯಿಂದ ವಾಸ್ತುಶಿಲ್ಪಿಯಾದರೂ ಬಿಡುವಿನ ವೇಳೆಯನ್ನೆಲ್ಲ ಈ ಲಿಪಿಗೇ ಮೀಸಲಿಟ್ಟನು. ಇಟಲಿಯ ಪ್ರಾಚೀನ ಎಟ್ರುಸ್ಕನ್ ಭಾಷೆಗೂ ಕ್ರೀಟಿನ ಭಾಷೆಗೂ ಸಂಬಂಧವಿರಬೇಕೆಂಬುದು ಅವನ ಊಹೆಯಾಗಿತ್ತು. ಹದಿನೆಂಟನೆಯ ವಯಸ್ಸಿನಲ್ಲಿ ಅದನ್ನು ಸಮರ್ಥಿಸಿ ಲೇಖನವನ್ನೂ ಬರೆದನು.

ಅದೇ ಕಾಲದಲ್ಲಿ ಅಮೆರಿಕದ ಅಧ್ಯಾಪಿಕೆ ಆಲಿಸ್ ಕೋಬರ್ ಮತ್ತೊಂದು ದಾರಿಯನ್ನು ಹಿಡಿದಿದ್ದಳು. ಭಾಷೆ ಯಾವುದೆಂದು ಊಹಿಸುವ ಗೊಡವೆಗೆ ಅವಳು ಹೋಗಲಿಲ್ಲ. ಯುದ್ಧಕಾಲದ ಕಾಗದದ ಅಭಾವದಲ್ಲಿ, ಸಿಕ್ಕಿದ ಹಾಳೆಗಳನ್ನೆಲ್ಲ ಚೂರುಗಳಾಗಿ ಕತ್ತರಿಸಿ, ಯಾವ ಚಿಹ್ನೆಯ ಪಕ್ಕದಲ್ಲಿ ಯಾವ ಚಿಹ್ನೆ ಬರುತ್ತದೆ ಎಂಬುದನ್ನು ಬರೆದಿಟ್ಟಳು. ಮರವು, ಮರವನ್ನು, ಮರದಿಂದ ಎನ್ನುವಾಗ ಪದದ ಮೊದಲ ಭಾಗ ನಿಂತು ಕೊನೆಯ ಭಾಗ ಬದಲಾಗುವಂತೆ, ರೇಖಾಲಿಪಿ ಬಿಯ ಪದಗಳಲ್ಲಿಯೂ ಕೊನೆಯ ಚಿಹ್ನೆಗಳು ಒಂದು ಕ್ರಮದಲ್ಲಿ ಬದಲಾಗುತ್ತಿದ್ದುದು ಅವಳ ಗಮನಕ್ಕೆ ಬಂದಿತು. ಅವಳು 1950ರಲ್ಲಿ ತೀರಿಕೊಂಡಳು. ಹಾಕಿಕೊಟ್ಟ ಅಡಿಪಾಯ ಉಳಿಯಿತು.

ವೆಂಟ್ರಿಸನು ಆ ಮಾರ್ಗದಲ್ಲಿ ಮುಂದುವರಿದು ಚಿಹ್ನೆಗಳನ್ನು ಕೋಷ್ಟಕದಲ್ಲಿ ಜೋಡಿಸಿದನು. ಕೆಲವು ಚಿಹ್ನೆಗಳಿಗೆ ಧ್ವನಿಗಳನ್ನು ಕೊಟ್ಟು ನೋಡಿದಾಗ ನಾಸಸ್, ಅಮ್ನಿಸಸ್ ಮುಂತಾದ ಕ್ರೀಟಿನ ಊರುಗಳ ಹೆಸರುಗಳು ಹೊರಟವು. ಅದೇ ಧ್ವನಿಗಳನ್ನು ಉಳಿದ ಕಡೆಗಳಲ್ಲಿಟ್ಟಾಗ ಹೊರಟ ಪದಗಳು ಎಟ್ರುಸ್ಕನ್ ಆಗಿರಲಿಲ್ಲ, ಗ್ರೀಕ್ ಆಗಿದ್ದವು! ಹದಿನಾರು ವರ್ಷಗಳಿಂದ ಮನಸ್ಸಿನಲ್ಲಿ ಬೆಳೆಸಿಕೊಂಡು ಬಂದಿದ್ದ ವಿಷಯದಲ್ಲಿ, ತನ್ನ ಪ್ರಿಯವಾದ ಊಹೆಯನ್ನು ವೆಂಟ್ರಿಸನು ತಾನೇ ಕೈಬಿಟ್ಟನು. 1952ರಲ್ಲಿ ರೇಡಿಯೊ ಭಾಷಣವೊಂದರಲ್ಲಿ ರೇಖಾಲಿಪಿ ಬಿಯ ಭಾಷೆ ಪ್ರಾಚೀನ ಗ್ರೀಕ್ ಎಂದು ಸಾರಿದನು. ಮರುವರ್ಷವೇ ಅದಕ್ಕೆ ಬಲವಾದ ಪುಷ್ಟಿ ದೊರೆಯಿತು. ಗ್ರೀಸಿನ ಪೈಲಾಸ್ ಎಂಬಲ್ಲಿ ಹೊಸದಾಗಿ ಅಗೆದು ತೆಗೆದ ಹಲಗೆಯೊಂದರಲ್ಲಿ ಮೂರು ಕಾಲಿನ ಪಾತ್ರೆಗಳ ಚಿತ್ರಗಳಿದ್ದವು. ಅವುಗಳ ಪಕ್ಕದ ಅಕ್ಷರಗಳನ್ನು ವೆಂಟ್ರಿಸನ ಕೋಷ್ಟಕದಂತೆ ಓದಿದಾಗ ‘ಮುಕ್ಕಾಲು ಪಾತ್ರೆ’ ಎಂಬ ಅರ್ಥದ ಗ್ರೀಕ್ ಪದವೇ ಬಂದಿತು. ಆ ಹಲಗೆಯನ್ನು ನೋಡಿ ವೆಂಟ್ರಿಸನು ತನ್ನ ಕೋಷ್ಟಕವನ್ನು ರಚಿಸಿದವನಲ್ಲ. ಆದುದರಿಂದಲೇ ಆ ಸಾಕ್ಷ್ಯಕ್ಕೆ ಅಷ್ಟು ಬೆಲೆ ಬಂದಿತು.

ಹೀಗೆ ರೇಖಾಲಿಪಿ ಬಿ ಬಾಯಿಬಿಟ್ಟಿತು. ಅದಕ್ಕಿಂತ ಹಿಂದಿನ, ಸುಮಾರು ಕ್ರಿ. ಪೂ. 1800ರಿಂದ 1450ರವರೆಗೆ ಬಳಕೆಯಲ್ಲಿದ್ದ ರೇಖಾಲಿಪಿ ಎ ಮಾತ್ರ ಇನ್ನೂ ಮೌನವಾಗಿದೆ. ಎರಡು ಲಿಪಿಗಳ ಅನೇಕ ಚಿಹ್ನೆಗಳು ಒಂದೇ ಆಗಿರುವುದರಿಂದ ಅದರ ಪದಗಳನ್ನು ಹೆಚ್ಚುಕಡಿಮೆ ಉಚ್ಚರಿಸಬಹುದು. ಅವುಗಳ ಅರ್ಥ ಮಾತ್ರ ತಿಳಿಯದು. ಒಂದು ಪದದ ವಿಷಯದಲ್ಲಿ ಮಾತ್ರ ಅದೃಷ್ಟ ಒಲಿದಿದೆ. ಲೆಕ್ಕದ ಹಲಗೆಗಳ ಕೊನೆಯಲ್ಲಿ ‘ಕುರೊ’ ಎಂಬ ಪದ ಬರುತ್ತದೆ. ಅದರ ಮುಂದಿನ ಸಂಖ್ಯೆ ಮೇಲಿನ ಸಂಖ್ಯೆಗಳ ಮೊತ್ತಕ್ಕೆ ಸರಿಹೊಂದುತ್ತದೆ. ಆದುದರಿಂದ ‘ಕುರೊ’ ಎಂದರೆ ‘ಒಟ್ಟು’ ಎಂದು ಹೇಳಬಹುದು. ಈ ಅರ್ಥವನ್ನು ತಿಳಿಸಿಕೊಟ್ಟದ್ದು ಗಣಿತವೇ ಹೊರತು ಧ್ವನಿಯ ಹೋಲಿಕೆಯಲ್ಲ.

ಆದರೆ ಈ ನುಡಿಯ ಬಂಧುಗಳು ಯಾರು? ‘ಎಲ್ಲ’ ಎಂಬ ಅರ್ಥದಲ್ಲಿ ಅರಬ್ಬಿ, ಹೀಬ್ರೂ ಮೊದಲಾದ ಸೆಮಿಟಿಕ್ ಭಾಷೆಗಳಲ್ಲಿರುವ ‘ಕುಲ್’ ಎಂಬ ಪದವನ್ನು ‘ಕುರೊ’ವಿನೊಡನೆ ಹೋಲಿಸಿ, ಅಮೆರಿಕದ ವಿದ್ವಾಂಸ ಸೈರಸ್ ಗಾರ್ಡನ್ ಇದು ಸೆಮಿಟಿಕ್ ಭಾಷೆಯೆಂದನು. ಇಂದಿನ ತುರ್ಕಿಯ ನೆಲದಲ್ಲಿದ್ದ ಲೂವಿಯನ್ ಭಾಷೆಗೆ ಇದು ಸಂಬಂಧಿಸಿದುದೆಂದು ಇಂಗ್ಲೆಂಡಿನ ಲಿಯೊನಾರ್ಡ್ ಪಾಮರನು ವಾದಿಸಿದನು. ಇವೆರಡೂ ಅಲ್ಲ, ಯಾವ ಬಂಧುವೂ ಉಳಿಯದ ಒಂಟಿ ಭಾಷೆಯಿದು ಎನ್ನುವವರೂ ಇದ್ದಾರೆ. ದೊರೆತಿರುವ ಬರಹಗಳು ಸುಮಾರು 1,400 ಮಾತ್ರ. ಅವುಗಳಲ್ಲಿ ಹೆಚ್ಚಿನವು ತೀರ ಚಿಕ್ಕವು. ಯಾವ ವಾದವೂ ಸರ್ವಸಮ್ಮತವಾಗಿಲ್ಲ.

೩

ಒಂದು ಪದ ಇನ್ನೊಂದನ್ನು ಹೋಲಿದರೆ ಸಾಲದೇ ಎಂಬ ಸಂದೇಹ ಇಲ್ಲಿ ಸಹಜವಾಗಿಯೇ ಹುಟ್ಟುತ್ತದೆ. ಸಾಲದು. ಪಾರಸಿ ಭಾಷೆಯಲ್ಲಿ ‘ಬದ್’ ಎಂದರೆ ಕೆಟ್ಟದ್ದು. ಇಂಗ್ಲಿಷಿನಲ್ಲಿ ‘ಬ್ಯಾಡ್’ ಎಂದರೂ ಕೆಟ್ಟದ್ದೇ. ಆದರೂ ಈ ಎರಡು ಪದಗಳಿಗೆ ಯಾವ ಸಂಬಂಧವೂ ಇಲ್ಲವೆಂದು ಭಾಷಾವಿಜ್ಞಾನಿಗಳು ತೋರಿಸಿದ್ದಾರೆ. ಅದಕ್ಕೆ ವಿರುದ್ಧವಾಗಿ, ಸಂಸ್ಕೃತದ ‘ಚಕ್ರ’ ಮತ್ತು ಇಂಗ್ಲಿಷಿನ ‘ವೀಲ್’ ಕಿವಿಗೆ ಒಂದಿಷ್ಟೂ ಹೋಲುವುದಿಲ್ಲ. ಆದರೆ ಅವು ಒಂದೇ ಮೂಲದಿಂದ ಬಂದವು.

ಭಾಷೆಗಳ ಬಾಂಧವ್ಯವನ್ನು ನಿರ್ಣಯಿಸುವುದು ಬಿಡಿ ಪದಗಳ ಹೋಲಿಕೆಯಲ್ಲ, ವ್ಯತ್ಯಾಸದಲ್ಲಿಯೂ ಕಾಣುವ ಕ್ರಮ. ತಮಿಳಿನ ಪಾಲ್, ಪಲ್, ಪುಲಿ, ಪೂ ಎಂಬ ಪದಗಳ ಎದುರಿಗೆ ಕನ್ನಡದಲ್ಲಿ ಹಾಲು, ಹಲ್ಲು, ಹುಲಿ, ಹೂ ಎಂಬ ಪದಗಳಿವೆ. ಮೊದಲ ಅಕ್ಷರ ಬೇರೆಯಾದರೂ ಆ ಬೇರೆತನ ಎಲ್ಲ ಕಡೆಯೂ ಒಂದೇ ಬಗೆಯದು. ಕನ್ನಡದಲ್ಲಿಯೇ ಹಿಂದೆ ‘ಪಾಲ್’ ಎಂದಿದ್ದುದು ಹತ್ತನೆಯ ಶತಮಾನದಿಂದ ಈಚೆಗೆ ಕ್ರಮಕ್ರಮವಾಗಿ ‘ಹಾಲು’ ಆಯಿತು. ಇಂತಹ ಕ್ರಮಗಳನ್ನು ಹಿಡಿದೇ, ದಕ್ಷಿಣ ಭಾರತದ ಭಾಷೆಗಳು ಒಂದು ಕುಟುಂಬದವೆಂದು ಎಲ್ಲಿಸ್ ಎಂಬ ಅಧಿಕಾರಿ 1816ರಲ್ಲಿ ಸೂಚಿಸಿದನು. ಕಾಲ್ಡ್‌ವೆಲ್ 1856ರಲ್ಲಿ ವಿಸ್ತಾರವಾದ ಗ್ರಂಥವನ್ನೇ ಬರೆದು ಸ್ಥಾಪಿಸಿದನು. ಕ್ರೀಟಿನ ನುಡಿಗೆ ಇಂತಹ ಕ್ರಮವನ್ನು ಯಾರೂ ತೋರಿಸಲಾಗಿಲ್ಲ. ಆದುದರಿಂದ ಅದರ ತವರು ಇನ್ನೂ ಪ್ರಶ್ನೆಯಾಗಿಯೇ ಉಳಿದಿದೆ.

ಈ ಅಳತೆಗೋಲನ್ನು ದೂರದ ದ್ವೀಪದ ಭಾಷೆಗೆ ಅನ್ವಯಿಸುವುದು ಸುಲಭ. ಸ್ವಂತ ಭಾಷೆಯ ಕೀರ್ತಿಯ ಪ್ರಶ್ನೆ ಬಂದಾಗಲೂ ಅದೇ ಕೋಲಿನಿಂದ ಅಳೆಯಬಲ್ಲೆವೇ ಎಂಬುದೇ ನಿಜವಾದ ಪರೀಕ್ಷೆ. ಅಂತಹ ಪರೀಕ್ಷೆ ಕನ್ನಡಿಗರಿಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒದಗಿತು.

೪

ಕ್ರೀಟಿನಿಂದ ದಕ್ಷಿಣಕ್ಕೆ ಸಮುದ್ರವನ್ನು ದಾಟಿದರೆ ಆಫ್ರಿಕದ ತೀರ; ಅದರ ಪೂರ್ವಭಾಗದಲ್ಲಿ ಈಜಿಪ್ಟ್. ಅಲ್ಲಿ ಆಕ್ಸಿರಿಂಕಸ್ ಎಂಬ ಪ್ರಾಚೀನ ಪಟ್ಟಣವಿತ್ತು. ಅದರ ಜನ ಊರ ಹೊರಗೆ ಎಸೆದ ಕಸದ ದಿಬ್ಬಗಳ ಮೇಲೆ ಮರಳು ಮುಚ್ಚಿತು. ಮಳೆಯಿಲ್ಲದ ಆ ನೆಲದಲ್ಲಿ ಪ್ಯಾಪಿರಸ್ ಎಂಬ ಜಂಬುಹುಲ್ಲಿನ ಜಾತಿಯ ಗಿಡದಿಂದ ಮಾಡಿದ ಹಾಳೆಗಳು ಎರಡು ಸಾವಿರ ವರ್ಷ ಕೊಳೆಯದೆ ಉಳಿದವು. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಇಂಗ್ಲಿಷ್ ವಿದ್ವಾಂಸರು 1896ರ ಕೊನೆಯಿಂದ ಅಲ್ಲಿ ಅಗೆತವನ್ನು ಕೈಕೊಂಡು, ದೊರೆತ ಬರಹಗಳನ್ನು ಸಂಪುಟಗಳಾಗಿ ಪ್ರಕಟಿಸತೊಡಗಿದರು. 1903ರ ಮೂರನೆಯ ಸಂಪುಟದಲ್ಲಿ 413ನೆಯ ಸಂಖ್ಯೆಯ ಬರಹವಾಗಿ ಒಂದು ಗ್ರೀಕ್ ಪ್ರಹಸನ ಬೆಳಕು ಕಂಡಿತು. ಪ್ರತಿ ಸುಮಾರು ಕ್ರಿ. ಶ. ಎರಡನೆಯ ಶತಮಾನದ್ದು.

ಅದರ ಕಥೆ ಹೀಗಿದೆ: ಖಾರಿಟಿಯನ್ ಎಂಬ ಗ್ರೀಕ್ ಯುವತಿ ಭಾರತದ ಕಡಲತೀರದ ರಾಜನೊಬ್ಬನ ಕೈಗೆ ಸಿಕ್ಕಿದ್ದಾಳೆ. ಚಂದ್ರದೇವತೆಯ ಗುಡಿಯಲ್ಲಿ ಅವಳ ವಾಸ. ಅವಳನ್ನು ಬಿಡಿಸಲು ಅವಳ ಅಣ್ಣನು ಗೆಳೆಯರೊಡನೆ ಹಡಗಿನಲ್ಲಿ ಬರುತ್ತಾನೆ. ಜೊತೆಯಲ್ಲಿ ಒಬ್ಬ ವಿದೂಷಕನೂ ಇದ್ದಾನೆ. ಗ್ರೀಕರು ನೀರು ಬೆರೆಸದ ದ್ರಾಕ್ಷಾರಸವನ್ನು ರಾಜನಿಗೂ ಅವನ ಪರಿವಾರಕ್ಕೂ ಕುಡಿಸಿ, ಅವರು ಮತ್ತರಾದಾಗ ಖಾರಿಟಿಯನ್ನಳನ್ನು ಕರೆದುಕೊಂಡು ಪಾರಾಗುತ್ತಾರೆ. ನಡುನಡುವೆ ವಾದ್ಯಗಳನ್ನು ಬಾರಿಸಬೇಕೆಂಬ ಸೂಚನೆಗಳೂ ಆ ಪ್ರತಿಯಲ್ಲಿವೆ. ಇದು ರಂಗಕ್ಕಾಗಿ ಸಿದ್ಧವಾದ ಪ್ರತಿಯೆಂಬುದು ಇದರಿಂದ ತಿಳಿಯುತ್ತದೆ.

ಈ ಪ್ರಹಸನದಲ್ಲಿ ಭಾರತೀಯ ಪಾತ್ರಗಳು ಆಡುವ ಮಾತು ಗ್ರೀಕ್ ಅಲ್ಲ. ಗ್ರೀಕ್ ಅಕ್ಷರಗಳಲ್ಲಿಯೇ ಬರೆದಿದ್ದರೂ ಅದು ಯಾವುದೋ ಬೇರೆ ನುಡಿ. ಅದು ಯಾವುದು? ದಕ್ಷಿಣ ಭಾರತದ ಶಾಸನಗಳಲ್ಲಿ ಪರಿಣತನಾಗಿದ್ದ ಜರ್ಮನ್ ವಿದ್ವಾಂಸ ಹುಲ್ಟ್‌ಷ್ 1904ರಲ್ಲಿ ಅದಕ್ಕೆ ಒಂದು ಉತ್ತರವನ್ನು ಸೂಚಿಸಿದನು: ಅದು ಕನ್ನಡ! ಪಾನದ ಪ್ರಸಂಗದಲ್ಲಿ ಬರುವ ಒಂದು ಮಾತಿನಲ್ಲಿ ‘ಬೇರೆ’, ‘ಕೊಂಚ’, ‘ಮಧು’, ‘ಪಾತ್ರಕ್ಕೆ’, ‘ಹಾಕಿ’ ಎಂಬ ಪದಗಳನ್ನು ಅವನು ಗುರುತಿಸಿದನು. ಇನ್ನೊಂದು ಕಡೆ ‘ಎತ್ತುವೆನು’ ಎಂಬಂತಹ ಕ್ರಿಯಾಪದವೂ ಅವನಿಗೆ ಕಂಡಿತು.

ಈ ಸುದ್ದಿ ಕನ್ನಡ ನಾಡಿನಲ್ಲಿ ಸಂಭ್ರಮವನ್ನು ಉಂಟುಮಾಡಿದುದು ಸಹಜವಾಗಿತ್ತು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು ಈ ವಾದವನ್ನು ಸಮರ್ಥಿಸಿದರು. ಮಂಜೇಶ್ವರದ ಎಂ. ಗೋವಿಂದ ಪೈಗಳೂ ಆ ಮಾತುಗಳಲ್ಲಿ ಕನ್ನಡವನ್ನೇ ಕಂಡರು. ಇತಿಹಾಸಕಾರ ಬಿ. ಎ. ಸಾಲೆತ್ತೂರರು ಪ್ರಹಸನದ ಘಟನೆಗಳು ನಡೆದ ಸ್ಥಳ ತುಳುನಾಡಿನ ಕರಾವಳಿಯೆಂದು ಪ್ರತಿಪಾದಿಸಿದರು. ಒಂದು ಅಕ್ಷರಗುಂಪಿನಲ್ಲಿ ಉಡುಪಿಯ ಬಳಿಯ ಮಲ್ಪೆಯ ಹೆಸರೇ ಅಡಗಿದೆಯೆಂಬ ವಾದವೂ ಬಂದಿತು. ಅದು ಕನ್ನಡವಲ್ಲ, ತುಳು ಎಂದು ವಾದಿಸಿದವರೂ ಮುಂದೆ ಹುಟ್ಟಿಕೊಂಡರು. ಇತ್ತ ಲಂಡನ್ನಿನ ಎಲ್. ಡಿ. ಬಾರ್ನೆಟ್ 1926ರಲ್ಲಿ ಲೇಖನವೊಂದನ್ನು ಬರೆದು, ಅದು ಕನ್ನಡವೆಂಬ ವಾದವನ್ನೇ ಅಲ್ಲಗಳೆದನು. ಗ್ರೀಕ್ ಪ್ರೇಕ್ಷಕರನ್ನು ನಗಿಸಲು ನಾಟಕಕಾರನು ಬರಿಯ ಅರ್ಥವಿಲ್ಲದ ಶಬ್ದಗಳನ್ನು ಹೆಣೆದಿದ್ದಾನೆ ಎನ್ನುವವರ ಪಕ್ಷವೂ ಬಲವಾಗಿದೆ.

೫

ಈ ವಿವಾದವನ್ನು ತೂಗಿ ನೋಡುವಾಗ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಗ್ರೀಕ್ ನಾಟಕಕಾರನೊಬ್ಬನ ಕಿವಿಗೆ ಕನ್ನಡ ಬೀಳುವುದು ಸಾಧ್ಯವಿತ್ತೇ ಎಂಬುದು ಒಂದು. ಈ ಪ್ರಹಸನದಲ್ಲಿರುವುದು ಕನ್ನಡವೇ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ, ಸಾಧ್ಯವಿತ್ತು ಎಂದೇ. ಆ ಶತಮಾನಗಳಲ್ಲಿ ಈಜಿಪ್ಟಿನ ಬಂದರುಗಳಿಂದ ಹೊರಟ ಹಡಗುಗಳು ಮುಂಗಾರಿನ ಗಾಳಿಯನ್ನು ನೆಚ್ಚಿ ಭಾರತದ ಪಶ್ಚಿಮ ತೀರಕ್ಕೆ ಬರುತ್ತಿದ್ದವು. ಎರಡನೆಯ ಶತಮಾನದ ಭೂಗೋಳಜ್ಞ ಟಾಲೆಮಿ ಬನವಾಸಿಯನ್ನೂ ಪುನ್ನಾಟವನ್ನೂ ಹೆಸರಿಸಿದ್ದಾನೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯಗಳು ದೊರೆತಿವೆ. ಕೆಂಪು ಸಮುದ್ರದ ದಡದ ಬೆರನಿಕೆ ಎಂಬ ಪ್ರಾಚೀನ ಬಂದರಿನ ಗುಡಿಯೊಂದರಲ್ಲಿ, ಭಾರತದಲ್ಲಿ ಮಾಡಿದ ದೊಡ್ಡ ಮಡಕೆಯೊಳಗೆ ಸುಮಾರು ಏಳೂವರೆ ಕಿಲೊಗ್ರಾಂ ಕರಿಮೆಣಸು ಸಿಕ್ಕಿದೆ. ಸರಕು ಹೋದ ದಾರಿಯಲ್ಲಿ ಮಾತೂ ಹೋಗಿರಬಹುದು.

ಆದರೆ ‘ಹೋಗಿರಬಹುದು’ ಎಂಬುದು ‘ಹೋಗಿದೆ’ ಎಂದಾಗದು. ಎರಡನೆಯ ಪ್ರಶ್ನೆಗೆ ಆ ಮಾತುಗಳನ್ನೇ ಪರೀಕ್ಷಿಸಬೇಕು. ಪರೀಕ್ಷಿಸಿದಾಗ ಹಲವು ತೊಡಕುಗಳು ಎದುರಾಗುತ್ತವೆ.

ಮೊದಲನೆಯದಾಗಿ, ಅಂದಿನ ಗ್ರೀಕ್ ಬರಹದಲ್ಲಿ ಪದಗಳ ನಡುವೆ ತೆರಪು ಬಿಡುವ ರೂಢಿಯಿರಲಿಲ್ಲ. ಎಲ್ಲಿ ಒಡೆಯಬೇಕೆಂಬುದನ್ನು ಓದುವವನೇ ನಿರ್ಧರಿಸಬೇಕು. ಕನ್ನಡ ಬಲ್ಲವನಿಗೇ ‘ಅವನಲ್ಲಿದ್ದಾನೆ’ ಎಂಬುದನ್ನು ಬಿಡಿಯಾಗಿ ಕೊಟ್ಟರೆ, ‘ಅವನು ಅಲ್ಲಿ ಇದ್ದಾನೆ’ ಎಂದೂ ಬಿಡಿಸಬಹುದು, ‘ಅವನಲ್ಲಿ ಇದ್ದಾನೆ’ ಎಂದೂ ಬಿಡಿಸಬಹುದು. ಅರಿಯದ ಭಾಷೆಯಲ್ಲಿ ಈ ಕಷ್ಟ ಎಷ್ಟೋ ಮಡಿ ಹೆಚ್ಚು.

ಎರಡನೆಯದಾಗಿ, ಗುರುತಿಸಿದ ಪದಗಳು ಎಲ್ಲ ಕಡೆಯೂ ನೇರವಾಗಿ ಹೊಂದುವುದಿಲ್ಲ. ‘ಮಧು’ ಎಂದು ಓದಿದ ಕಡೆ ಪ್ರತಿಯಲ್ಲಿರುವುದು ‘ದಮುನ್’ ಎಂಬ ಧ್ವನಿ. ಅಕ್ಷರಗಳನ್ನು ಹಿಂದುಮುಂದಾಗಿಸದೆ ಅದು ‘ಮಧು’ ಆಗದು. ‘ಹಾಕಿ’ ಎಂದು ಓದಿದ ಪದ ಪ್ರತಿಯಲ್ಲಿ ಪಕಾರದಿಂದ ಮೊದಲಾಗುತ್ತದೆ. ಕನ್ನಡದ ಹಕಾರಕ್ಕೆ ಹಿಂದೆ ಪಕಾರವಿದ್ದಿತಾದುದರಿಂದ ಇದು ಹುಲ್ಟ್‌ಷನ ವಾದಕ್ಕೆ ಅನುಕೂಲವೇ. ಆದರೆ ಅದರ ನಡುವೆ ಒಂದು ತಕಾರವೂ ಇದೆ. ಅದಕ್ಕೆ ಸಮಾಧಾನ ಸಾಲದು.

ಮೂರನೆಯದಾಗಿ, ಕೆಲವು ಪದಗಳು ಕನ್ನಡಕ್ಕೆ ಮಾತ್ರ ಮೀಸಲಾದವಲ್ಲ. ‘ಮಧು’, ‘ಪಾತ್ರ’ ಸಂಸ್ಕೃತದವು. ಭಾರತದ ಯಾವ ಭಾಷೆಯಲ್ಲಿ ಬೇಕಾದರೂ ಇರಬಹುದು. ‘ಕೊಂಚ’ ಎಂಬುದಕ್ಕೆ ತಮಿಳು, ತೆಲುಗುಗಳಲ್ಲಿಯೂ ಹತ್ತಿರದ ರೂಪಗಳಿವೆ.

ನಾಲ್ಕನೆಯದು ಕಾಲದ ತೊಡಕು. ಕನ್ನಡದ ಹಳೆಯ ಶಾಸನಗಳಲ್ಲಿ ಮುಖ್ಯವಾದುದು ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತುದು. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಅದನ್ನು ಬೆಳಕಿಗೆ ತಂದರು. ಅದರ ಕಾಲ ಸುಮಾರು ಕ್ರಿ. ಶ. 450 ಎಂದು ಹೇಳುತ್ತಾರೆ. ಹಲ್ಮಿಡಿಯ ಕನ್ನಡವೇ ಇಂದಿನ ಓದುಗನಿಗೆ ಸುಲಭವಾಗಿ ಅರ್ಥವಾಗದು. ಪ್ರಹಸನದ ಪ್ರತಿಯಾದರೋ ಅದಕ್ಕಿಂತ ಸುಮಾರು ಮುನ್ನೂರು ವರ್ಷ ಹಿಂದಿನದು. ಹೀಗಿರುವಾಗ ಅದರಲ್ಲಿ ಇಂದಿನ ಬಳಕೆಯ ‘ಎತ್ತುವೆನು’ ಎಂಬಂತಹ ರೂಪ ಕಂಡರೆ ಸಂತೋಷಕ್ಕಿಂತ ಮೊದಲು ಸಂದೇಹ ಬರಬೇಕು. ಹಳಗನ್ನಡದಲ್ಲಿಯೇ ಆ ರೂಪ ‘ಎತ್ತುವೆಂ’ ಎಂದಿತ್ತು. ತೀರ ಸುಲಭವಾಗಿ ಅರ್ಥವಾಗುವುದೇ ಇಲ್ಲಿ ವಾದದ ದೌರ್ಬಲ್ಯವಾಗುತ್ತದೆ.

ಕೊನೆಯದಾಗಿ, ಒಂದೆರಡು ಮಾತುಗಳು ಕನ್ನಡದಂತೆ ಕಂಡರೂ, ಆ ಪಾತ್ರಗಳ ಎಲ್ಲ ಮಾತುಗಳನ್ನೂ ಒಂದೇ ಕ್ರಮದಿಂದ, ಎಲ್ಲರೂ ಒಪ್ಪುವಂತೆ ಓದಲು ಆಗಿಲ್ಲ. ವೆಂಟ್ರಿಸನಿಗೆ ಪೈಲಾಸಿನ ಹಲಗೆ ಒದಗಿಬಂದಂತೆ ಈ ವಾದಕ್ಕೆ ಹೊಸ ಸಾಕ್ಷ್ಯ ಒದಗಿಬಂದಿಲ್ಲ.

ಪ್ರಹಸನದಲ್ಲಿ ಬರುವ ಪರಭಾಷೆಯೆಲ್ಲ ಸುಳ್ಳುಮಾತೇ ಆಗಿರಬೇಕೆಂದಲ್ಲ. ರೋಮಿನ ನಾಟಕಕಾರ ಪ್ಲಾಟಸನ ಒಂದು ಪ್ರಹಸನದಲ್ಲಿ ಕಾರ್ತೇಜ್ ನಗರದ ವರ್ತಕನೊಬ್ಬನು ತನ್ನ ಪ್ಯೂನಿಕ್ ಭಾಷೆಯಲ್ಲಿ ಮಾತನಾಡುತ್ತಾನೆ. ಪ್ಯೂನಿಕ್ ಇಂದು ಅಳಿದುಹೋದ ಭಾಷೆ. ಆದರೂ ಆ ಮಾತು ನಿಜವಾದ ಪ್ಯೂನಿಕ್ ಎಂದು ವಿದ್ವಾಂಸರು ಒಪ್ಪಿದ್ದಾರೆ. ಏಕೆಂದರೆ ಆ ಮಾತಿನ ಸಾರವನ್ನು ಅದೇ ನಾಟಕ ಮುಂದೆ ಲ್ಯಾಟಿನ್ನಿನಲ್ಲಿಯೂ ಕೊಡುತ್ತದೆ. ಜೊತೆಗೆ ಪ್ಯೂನಿಕ್ ಶಾಸನಗಳಿವೆ, ಅದರ ಬಂಧುವಾದ ಹೀಬ್ರೂ ಭಾಷೆಯಿದೆ. ಮೂರು ಕಡೆಯ ಸಾಕ್ಷ್ಯ ಒಂದೆಡೆ ಕೂಡಿದಾಗ ಊಹೆ ನಿರ್ಣಯವಾಗುತ್ತದೆ. ಆಕ್ಸಿರಿಂಕಸಿನ ಪ್ರಹಸನಕ್ಕೆ ಆ ಭಾಗ್ಯ ಇನ್ನೂ ಬಂದಿಲ್ಲ. ಆದುದರಿಂದ ‘ಅದು ಕನ್ನಡ’ ಎಂದು ಸಾರುವುದೂ ಅವಸರ. ‘ಕನ್ನಡವಾಗಿರಲು ಸಾಧ್ಯವೇ ಇಲ್ಲ’ ಎಂದು ಬಾಗಿಲು ಮುಚ್ಚುವುದೂ ಅವಸರ.

೬

ಹೀಗೆ ಸಂದೇಹಪಡುವುದು ನುಡಿಯ ಮೇಲಿನ ಅಭಿಮಾನಕ್ಕೆ ಕುಂದೆಂದು ಭಾವಿಸುವವರುಂಟು. ಅದು ಸರಿಯಲ್ಲ. ಕನ್ನಡದ ಹಿರಿಮೆ ಈಜಿಪ್ಟಿನ ಒಂದು ಹರುಕು ಹಾಳೆಯನ್ನು ನೆಚ್ಚಿಕೊಂಡು ನಿಂತಿಲ್ಲ. ಹಲ್ಮಿಡಿಯ ಶಾಸನದಿಂದ ಈಚೆಗೆ ಒಂದೂವರೆ ಸಾವಿರ ವರ್ಷಗಳ ಬರಹ ಕನ್ನಡಕ್ಕಿದೆ. ಬಿ. ಎಲ್. ರೈಸ್ ಅವರು ಹಳ್ಳಿಹಳ್ಳಿಯ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಸುಮಾರು 9,000 ಶಾಸನಗಳಿವೆ. ಹಾಸನ ಜಿಲ್ಲೆಯ ಸಂಪುಟ 1902ರಲ್ಲಿ, ಆ ಗ್ರೀಕ್ ಪ್ರಹಸನ ಅಚ್ಚಾಗುವುದಕ್ಕೆ ಒಂದು ವರ್ಷ ಮೊದಲೇ, ಹೊರಬಂದಿತ್ತು. ಇಷ್ಟು ಸಂಪತ್ತುಳ್ಳ ಮನೆಯವನು ಸಂದೇಹದ ಒಂದು ನಾಣ್ಯವನ್ನು ತನ್ನದೆಂದು ಜಗಳವಾಡಬೇಕಾಗಿಲ್ಲ. ಅದು ತನ್ನದೇ ಎಂದು ಮುಂದೆ ಸಿದ್ಧವಾದರೆ ಸಂತೋಷದಿಂದ ಎತ್ತಿಟ್ಟುಕೊಳ್ಳಬಹುದು.

ಚಿಂತಿಸಬೇಕಾದುದು ಬೇರೊಂದಿದೆ. ಕ್ರೀಟಿನ ನುಡಿ ಇಂದು ಮೂಕವಾಗಿರುವುದಕ್ಕೆ ಅದನ್ನಾಡುವವರು ಅಳಿದುದು ಒಂದು ಕಾರಣ. ಉಳಿದ ಬರಹಗಳು ತೀರ ಕಡಿಮೆಯೆಂಬುದು ಇನ್ನೊಂದು. ಇನ್ನೂ ಕೆಲವು ಸಾವಿರ ಹಲಗೆಗಳು ಉಳಿದಿದ್ದರೆ, ಎರಡು ಭಾಷೆಗಳಲ್ಲಿ ಬರೆದ ಒಂದೇ ಒಂದು ಕಲ್ಲು ಸಿಕ್ಕಿದ್ದರೆ, ವಿವಾದ ಎಂದೋ ಮುಗಿಯುತ್ತಿದ್ದಿತು. ಸಾಕ್ಷ್ಯ ಒಮ್ಮೆ ನಾಶವಾದರೆ ಯಾವ ಪಾಂಡಿತ್ಯವೂ ಅದನ್ನು ಮರಳಿ ತರಲಾರದು. ಈ ಮಾತು ದೂರದ ದ್ವೀಪಕ್ಕೆ ಮಾತ್ರ ಸಲ್ಲುವುದಲ್ಲ. ದೊಡ್ಡಗದ್ದವಳ್ಳಿಯ ದೇವಾಲಯದಲ್ಲಿಯೇ 2020ರ ನವೆಂಬರಿನಲ್ಲಿ ಕಾಳಿಯ ಪ್ರಾಚೀನ ವಿಗ್ರಹ ಒಡೆದುಬಿದ್ದುದು ಕಂಡುಬಂದಿತು. ನಾಡಿನ ಎಷ್ಟೋ ಶಾಸನಗಳು ಬಟ್ಟೆ ಒಗೆಯುವ ಕಲ್ಲಾಗಿ, ಮೋರಿಯ ಮೇಲಿನ ಹಾಸುಗಲ್ಲಾಗಿ, ಗೋಡೆಯ ತಳಪಾಯವಾಗಿ ಸವೆದುಹೋಗಿವೆ. ಊರ ಹೊರಗಿನ ಹೊಲದಲ್ಲಿ ಅಕ್ಷರಗಳುಳ್ಳ ಕಲ್ಲೊಂದು ಕಂಡಾಗ ಅದನ್ನು ಅಲ್ಲಿಯೇ ಕಾಪಾಡಿ, ಬಲ್ಲವರಿಗೆ ತಿಳಿಸುವುದು ನುಡಿಗೆ ಸಲ್ಲಿಸಬಹುದಾದ ದೊಡ್ಡ ಸೇವೆ. ಅದನ್ನು ಮಾಡಲು ಪಾಂಡಿತ್ಯ ಬೇಕಾಗಿಲ್ಲ.

ಕುಲ್ಲಹಣ ರಾಹುತನ ತವರು ಯಾವುದೆಂದು ಯಾವುದೋ ಹೊಲದ ಕಲ್ಲೊಂದು ನಾಳೆ ತಿಳಿಸಬಹುದು. ಪ್ರಹಸನದ ಆ ರಾಜನು ಆಡಿದ ನುಡಿ ಯಾವುದೆಂದು ಮರಳಿನೊಳಗಿನ ಮತ್ತೊಂದು ಹಾಳೆ ಹೇಳಬಹುದು. ಅಲ್ಲಿಯವರೆಗೆ, ತಿಳಿದುದನ್ನು ತಿಳಿದಷ್ಟೇ ಹೇಳುವುದು, ಉಳಿದುದನ್ನು ಪ್ರಶ್ನೆಯಾಗಿಯೇ ಉಳಿಸಿಕೊಳ್ಳುವುದು ನುಡಿಯನ್ನು ಪ್ರೀತಿಸುವವರ ಕರ್ತವ್ಯ.

ಅಭ್ಯಾಸ

1. ದೊಡ್ಡಗದ್ದವಳ್ಳಿಯ ದೇವಾಲಯದ ವಿಷಯದಲ್ಲಿ ಶಾಸನದಿಂದ ತಿಳಿದುಬರುವ ಸಂಗತಿಗಳಾವುವು?
2. ‘ಕುರೊ’ ಎಂಬ ಪದದ ಅರ್ಥವನ್ನು ವಿದ್ವಾಂಸರು ಹೇಗೆ ಕಂಡುಕೊಂಡರು?
3. ಪೈಲಾಸಿನ ಹಲಗೆಯ ಸಾಕ್ಷ್ಯಕ್ಕೆ ಹೆಚ್ಚಿನ ಬೆಲೆ ಬಂದುದೇಕೆ?
4. ಗ್ರೀಕ್ ಪ್ರಹಸನದಲ್ಲಿರುವುದು ಕನ್ನಡವೆಂಬ ವಾದಕ್ಕೆ ಎದುರಾಗುವ ತೊಡಕುಗಳನ್ನು ವಿವರಿಸಿ.
5. ‘ಹೋಲಿಕೆ ಒಂದು ಪ್ರಶ್ನೆಯನ್ನು ಹುಟ್ಟಿಸುತ್ತದೆ, ಅದಕ್ಕೆ ಉತ್ತರವನ್ನು ಬೇರೆ ಸಾಕ್ಷ್ಯ ಕೊಡಬೇಕು.’ ಈ ಮಾತನ್ನು ಪಾಠದ ಉದಾಹರಣೆಗಳಿಂದ ಸಮರ್ಥಿಸಿ.
6. ನಿಮ್ಮ ಊರಿನಲ್ಲಿ ಅಥವಾ ನೆರೆಯ ಊರಿನಲ್ಲಿ ಶಾಸನವಿದ್ದರೆ, ಅದು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂಬುದನ್ನು ನೋಡಿ ಒಂದು ಪುಟದಷ್ಟು ಬರೆಯಿರಿ.